ಎರಡೂ ಎನ್‌ಎಲ್‌ಜಿಐ 2, ಎರಡರಲ್ಲೂ ವಿಜಿ 220 ಆಯಿಲ್. ಆದ್ರೂ ನಡತೆ ಬೇರೆ ಯಾಕೆ?

ಕನ್ವೇಯರ್_ಕಾವಲು

ಎಲ್ಲರಿಗೂ ನಮಸ್ಕಾರ. ಗ್ರೀಸ್ ಥಿಕನರ್ (ಎಣ್ಣೆಯನ್ನ ಗಟ್ಟಿಯಾಗಿ ಹಿಡಿದಿಡೋ ಪದಾರ್ಥ) ವಿಷಯ ಚೆನ್ನಾಗಿ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಜಾಗ ಎರಡು. ಮೊದಲನೆಯದು ಕನ್ವೇಯರ್ ಟೇಲ್ ಪುಲ್ಲಿ: 22220 ಸ್ಫೆರಿಕಲ್ ರೋಲರ್ ಬೇರಿಂಗ್, 60 ಆರ್‌ಪಿಎಂ, ಹೌಸಿಂಗ್ ಸುಮಾರು 45 ಡಿಗ್ರಿ, ನೀರು ಸದಾ ಬೀಳ್ತಾನೇ ಇರುತ್ತೆ. ಎರಡನೆಯದು ಫ್ಯಾನ್ ಮೋಟಾರ್: 6316 ಬಾಲ್ ಬೇರಿಂಗ್, 1480 ಆರ್‌ಪಿಎಂ, ಬೇರಿಂಗ್ ಹತ್ತಿರ 90 ಡಿಗ್ರಿ. ಎರಡಕ್ಕೂ ಹೋಗ್ತಿರೋದು ಒಂದೇ ಗ್ರೀಸ್. ಸಾದಾ ಲಿಥಿಯಂ, ಎನ್‌ಎಲ್‌ಜಿಐ 2, ಮಿನರಲ್ ಆಯಿಲ್ ವಿಜಿ 220 (ವಿಜಿ ಅಂದ್ರೆ ಎಣ್ಣೆಯ ವಿಸ್ಕಾಸಿಟಿ ಗ್ರೇಡ್), ಡ್ರಾಪಿಂಗ್ ಪಾಯಿಂಟ್ (ಕಾಯಿಸಿದಾಗ ಮೊದಲ ಹನಿ ಬೀಳೋ ಉಷ್ಣತೆ) 195.

ಪುಲ್ಲಿಯಲ್ಲಿ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿ ಸೀಲಿಂದ ಇಳಿದು ಹೋಗುತ್ತೆ. ಮೋಟಾರ್‌ನಲ್ಲಿ ತದ್ವಿರುದ್ಧ: ಕೇಜ್ ಸುತ್ತ ಕಂದು ಬಣ್ಣದ ಗಟ್ಟಿ ಮುದ್ದೆ, ಬೆರಳಲ್ಲಿ ಒತ್ತಿದ್ರೆ ಎಣ್ಣೆ ಪಸೆಯೇ ಇಲ್ಲ.

ಬದಲಿಗೆ ನೋಡ್ತಿರೋದು ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸ್ ಮತ್ತು ಪಾಲಿಯೂರಿಯಾ. ಡೇಟಾ ಶೀಟ್ ತೆಗೆದ್ರೆ ಇವೂ ಎನ್‌ಎಲ್‌ಜಿಐ 2, ಇವೂ ವಿಜಿ 220, ಪೆನೆಟ್ರೇಶನ್ ಎಲ್ಲದರಲ್ಲೂ 275–285ರ ಒಳಗೆ. ಹಾಗಿದ್ರೆ ನನ್ನ ಪ್ರಶ್ನೆಗಳು:

1. ಆಯಿಲ್ ಅದೇ, ಗಟ್ಟಿತನ ಅದೇ ಆದ್ರೆ ಥಿಕನರ್ ಬದಲಾಗೋದರಿಂದ ನಿಜವಾಗಿ ಬದಲಾಗೋದು ಏನು?
2. ಡ್ರಾಪಿಂಗ್ ಪಾಯಿಂಟ್ 300 ದಾಟಿದ್ದನ್ನೇ ಎರಡೂ ಕಡೆ ಹಾಕಿಬಿಟ್ರೆ ಮುಗೀತಲ್ವಾ?
3. ಹಳೆಯದರ ಮೇಲೇ ಹೊಸದನ್ನ ಗನ್‌ನಲ್ಲಿ ಹೊಡೆದ್ರೆ ಏನಾಗುತ್ತೆ?

---

ಪೆನೆಟ್ರೋಮೀಟರ್

ಮೊದಲ ಪ್ರಶ್ನೆಯಿಂದ ಶುರು ಮಾಡ್ತೇನೆ, ಉಳಿದೆರಡಕ್ಕೂ ಉತ್ತರ ಅದರೊಳಗೇ ಇದೆ.

ಎನ್‌ಎಲ್‌ಜಿಐ ಅಂಕೆ ಹೇಳೋದು ಒಂದೇ ಒಂದು ಸಂಗತಿ. 25 ಡಿಗ್ರಿಯಲ್ಲಿ ಗ್ರೀಸನ್ನು ತೂತಿನ ಪ್ಲೇಟಿಂದ 60 ಸಲ ಕುಟ್ಟಿ, ಅದರ ಮೇಲೆ ಕೋನ್ ಬಿಟ್ಟರೆ 5 ಸೆಕೆಂಡಿನಲ್ಲಿ ಎಷ್ಟು ಆಳ ಇಳಿಯುತ್ತೆ ಅನ್ನೋದು, ಅದೇ ಪೆನೆಟ್ರೇಶನ್. ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ. 265ರಿಂದ 295 ಬಂದರೆ ಗ್ರೇಡ್ 2, 310ರಿಂದ 340 ಬಂದರೆ ಗ್ರೇಡ್ 1. ಅಂದರೆ 280 ಅಂತ ಬರೆದಿದ್ದರೆ ಕೋನ್ 28 ಮಿ.ಮೀ. ಇಳಿದಿದೆ, ಅಷ್ಟೇ. ನೀರು ಬಿದ್ದಾಗ, 90 ಡಿಗ್ರಿಯಲ್ಲಿ, ಹತ್ತು ಲಕ್ಷ ಸುತ್ತು ರೋಲರ್ ಕೆಳಗೆ ಅರೆದ ಮೇಲೆ ಅದೇ ಗ್ರೀಸ್ ಏನಾಗುತ್ತೆ ಅನ್ನೋದು ಆ ಅಂಕೆಯಲ್ಲಿ ಇಲ್ಲ. ಅದನ್ನೆಲ್ಲ ತೀರ್ಮಾನ ಮಾಡೋದು ಥಿಕನರ್ ಕಟ್ಟಿರುವ ಜಾಲ.

ಲಿಥಿಯಂ ಗ್ರೀಸಲ್ಲಿ ಥಿಕನರ್ ಅಂದರೆ ಲಿಥಿಯಂ 12-ಹೈಡ್ರಾಕ್ಸಿಸ್ಟಿಯರೇಟ್ ಎಂಬ ಸೋಪು. ಅದು ಹುರಿ ಹಾಕಿದ ಪಟ್ಟಿಯಂಥ ನಾರುಗಳಾಗಿ ಹರಳುಗಟ್ಟುತ್ತೆ. ದಪ್ಪ ಸುಮಾರು 0.1–0.2 ಮೈಕ್ರಾನ್, ಉದ್ದ ಒಂದೆರಡು ಮೈಕ್ರಾನ್. ಈ ನಾರುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು, ಮುಟ್ಟಿದ ಕಡೆಯಲ್ಲೆಲ್ಲ ದುರ್ಬಲ ಬಲಗಳಿಂದ ಅಂಟಿಕೊಂಡು, ತೆಂಗಿನ ನಾರಿನ ಉಂಡೆಯ ಥರ ನಿಲ್ಲುತ್ತವೆ. ನಡುವಿನ ಸಂದುಗಳಲ್ಲಿ ಎಣ್ಣೆ. ಸ್ವಲ್ಪ ಎಣ್ಣೆ ನಾರಿನ ಮೇಲ್ಮೈಗೆ ಬಿಗಿಯಾಗಿ ಹಿಡಿದುಕೊಂಡಿರುತ್ತೆ, ಹೆಚ್ಚಿನ ಪಾಲು ಸಂದಿನಲ್ಲಿ ಕ್ಯಾಪಿಲರಿ ಹಿಡಿತದಲ್ಲಿ ಮಾತ್ರ ಇರುತ್ತೆ. ಬೇರಿಂಗ್‌ಗೆ ಬೇಕಾದದ್ದು ಈ ಎರಡನೇ ಪಾಲು. ಅದು ನಿಧಾನವಾಗಿ ಹೊರಬಂದು ರೇಸ್‌ವೇಗೆ ಸೇರಬೇಕು. ಹೆಚ್ಚು ಬಂದರೆ ಸೋರಿಕೆ, ಕಮ್ಮಿ ಬಂದರೆ ಒಣಗು.

ಬೇರೆ ಥಿಕನರ್‌ಗಳ ಆಕಾರವೇ ಬೇರೆ. ಹಳೇ ಸೋಡಿಯಂ ಗ್ರೀಸಲ್ಲಿ ನಾರು ಎಷ್ಟು ಉದ್ದ ಅಂದರೆ ಬೆರಳಲ್ಲಿ ಎಳೆದರೆ ದಾರ ಬರುತ್ತೆ. ನೀರಲ್ಲಿ ಕರಗೋದರಿಂದ ಈಗ ಅಪರೂಪ. ಕ್ಯಾಲ್ಸಿಯಂ ಸಲ್ಫೋನೇಟಲ್ಲಿ ನಾರೇ ಇಲ್ಲ ಅನ್ನಬಹುದು: ಕ್ಯಾಲ್ಸೈಟ್ ರೂಪದ ಕ್ಯಾಲ್ಸಿಯಂ ಕಾರ್ಬೋನೇಟಿನ ಅತಿಸೂಕ್ಷ್ಮ ಕಣಗಳು, ಅವುಗಳ ಸುತ್ತ ಸಲ್ಫೋನೇಟ್ ಕವಚ. ಬೆಂಟೊನೈಟ್ ಜೇಡಿಯಲ್ಲಿ ತೆಳು ಹಾಳೆಗಳು. ಪಾಲಿಯೂರಿಯಾ ಅಮೀನ್ ಮತ್ತು ಐಸೊಸಯನೇಟ್ ಸೇರಿ ಆಗುವಂಥದ್ದು, ಯಾವ ಅಮೀನ್ ಅನ್ನೋದರ ಮೇಲೆ ನಾರೋ ಹಾಳೆಯೋ ಗುಳಿಗೆಯೋ ಆಗುತ್ತೆ. ಹಾಗಾಗಿ ಪಾಲಿಯೂರಿಯಾ ಅನ್ನೋ ಹೆಸರು ನೋಡಿ ಎರಡು ಡಬ್ಬಿ ಒಂದೇ ಅಂದುಕೊಳ್ಳಬೇಡಿ.

ಆಕಾರ ಬೇರೆಯಾದ್ದರಿಂದ ಅದೇ ಗ್ರೇಡ್ 2 ತರೋಕೆ ಬೇಕಾದ ಪ್ರಮಾಣವೂ ಬೇರೆ. ಮಿನರಲ್ ಆಯಿಲಲ್ಲಿ ಸಾದಾ ಲಿಥಿಯಂ ಸೋಪು 6–10 ಶೇಕಡಾ ಸಾಕು. ಪಿಎಒ ಥರದ ಸಿಂಥೆಟಿಕಲ್ಲಿ ಅದೇ ಸೋಪು ಇನ್ನೂ ಜಾಸ್ತಿ ಹಿಡಿಯುತ್ತೆ. ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸಲ್ಲಿ ಥಿಕನರ್ 20ರಿಂದ 40 ಶೇಕಡಾ ಇರೋದು ಸಾಮಾನ್ಯ. ಅಂದರೆ ಒಂದು ಕಿಲೋ ಗ್ರೀಸಲ್ಲಿ ಎಣ್ಣೆ ಅಷ್ಟರಮಟ್ಟಿಗೆ ಕಮ್ಮಿ. ತಣ್ಣನೆ ಹೊತ್ತಲ್ಲಿ ಉದ್ದ ಲೈನಿನಲ್ಲಿ ಪಂಪ್ ಮಾಡೋಕೂ ಅದು ಕಷ್ಟ ಕೊಡಬಹುದು. "ಥಿಕನರ್ ಜಾಸ್ತಿ, ಗ್ರೀಸ್ ಒಳ್ಳೇದು" ಅನ್ನೋ ಮಾತನ್ನ ಮಾರೋರ ಬಾಯಲ್ಲಿ ಮಾತ್ರ ಕೇಳಬೇಕು.

ಡೇಟಾ ಶೀಟಲ್ಲಿ 60 ಸ್ಟ್ರೋಕ್ ಅಂಕೆ ಬಿಟ್ಟು ಈ ನಾಲ್ಕನ್ನ ಕೇಳಿ:

ಒಂದು ಲಕ್ಷ ಸ್ಟ್ರೋಕ್ ಆದ ಮೇಲಿನ ಪೆನೆಟ್ರೇಶನ್. ನಿಮಿಷಕ್ಕೆ 60ರಂತೆ ಇದಕ್ಕೆ ಸುಮಾರು 28 ಗಂಟೆ ಹಿಡಿಯುತ್ತೆ, ಅದಕ್ಕೇ ಎಷ್ಟೋ ಜನ ಹಾಕೋದೇ ಇಲ್ಲ. 280 ಇದ್ದದ್ದು 310ರ ಒಳಗೆ ನಿಂತರೆ ಚೆನ್ನ. 340 ದಾಟಿದರೆ ಗ್ರೇಡ್ 2 ಅಂತ ಕೊಂಡದ್ದು ಕೆಲಸದಲ್ಲಿ ಗ್ರೇಡ್ 1ಕ್ಕಿಂತ ಮೆತ್ತಗೆ.

ರೋಲ್ ಸ್ಟೆಬಿಲಿಟಿ (ರೋಲರ್ ಕೆಳಗೆ ಅರೆದಾಗ ಗಟ್ಟಿತನ ಎಷ್ಟು ಉಳಿಯುತ್ತೆ ಅನ್ನೋ ಪರೀಕ್ಷೆ), ಎಎಸ್‌ಟಿಎಂ ಡಿ1831. 50 ಗ್ರಾಂ ಗ್ರೀಸು, 5 ಕಿಲೋ ರೋಲರ್, 165 ಆರ್‌ಪಿಎಂ, 2 ಗಂಟೆ. ನಿಮ್ಮ ಪುಲ್ಲಿಗೆ ಬೇಕಾದದ್ದು ಇದನ್ನೇ 10 ಶೇಕಡಾ ನೀರು ಸೇರಿಸಿ ಮಾಡಿದ ಅಂಕೆ. ಸಾದಾ ಲಿಥಿಯಂ ಬಣ್ಣ ಬಯಲಾಗೋದು ಇಲ್ಲೇ. ಲಿಥಿಯಂ ಸೋಪು ನೀರಲ್ಲಿ ಕರಗಲ್ಲ ಅನ್ನೋದು ನಿಜ, ಆದರೆ ಅರೆಯುವಾಗ ನೀರನ್ನ ಹನಿಹನಿಯಾಗಿ ಒಳಗೆ ಸೇರಿಸಿಕೊಂಡು ಮೆತ್ತಗಾಗುತ್ತೆ. ನಿಮ್ಮ ಹಾಲಿನ ಬಣ್ಣ ಅದೇ. ಕ್ಯಾಲ್ಸಿಯಂ ಸಲ್ಫೋನೇಟೂ ನೀರು ಕುಡಿಯುತ್ತೆ, ಅದೂ ಬಿಳಚಿಕೊಳ್ಳುತ್ತೆ, ಆದರೆ ಗಟ್ಟಿತನ ಬಿಡಲ್ಲ.

ವಾಟರ್ ವಾಶ್‌ಔಟ್ (ನೀರಿಗೆ ಎಷ್ಟು ಗ್ರೀಸ್ ಕೊಚ್ಚಿಹೋಗುತ್ತೆ ಅನ್ನೋದು), ಡಿ1264. ಓದುವಾಗ 38 ಡಿಗ್ರಿಯದೋ 79 ಡಿಗ್ರಿಯದೋ ನೋಡಿ. 38ರಲ್ಲಿ ಬಹುತೇಕ ಎಲ್ಲವೂ ಪಾಸಾಗುತ್ತೆ.

ಎಣ್ಣೆ ಬಿಡುವ ಪ್ರಮಾಣ, ಡಿ6184. ತಂತಿ ಜಾಲರಿಯ ಕೋನಿನಲ್ಲಿ 100 ಡಿಗ್ರಿ, 30 ಗಂಟೆ. ಸೊನ್ನೆಗೆ ಹತ್ತಿರ ಬಂದರೆ ಖುಷಿ ಪಡಬೇಡಿ. ಎಣ್ಣೆ ಬಿಡದ ಗ್ರೀಸ್ ಮೋಟಾರ್ ಬೇರಿಂಗ್‌ಗೆ ಉಪವಾಸ.

---

ಕೆಟಲ್‌ಮನೆ

ಪೆನೆಟ್ರೋಮೀಟರ್ ಅವರು ಹೇಳಿದ್ದಕ್ಕೆ ತಯಾರಿಕೆ ಕಡೆಯಿಂದ ಒಂದು ಸೇರ್ಪಡೆ. ಥಿಕನರ್ ಹೆಸರು ಒಂದೇ ಇದ್ದು, ಶೇಕಡಾ ಒಂದೇ ಇದ್ದರೂ ಬೇಯಿಸಿದ ರೀತಿ ಬೇರೆಯಾದರೆ ರಚನೆ ಬೇರೆಯಾಗುತ್ತದೆ. ಎರಡು ಲಾಟಿನ ಲಿಥಿಯಂ ಗ್ರೀಸ್ ಬೇರೆ ಬೇರೆಯಾಗಿ ನಡೆದುಕೊಳ್ಳಲು ಹೆಚ್ಚಿನ ಸಲ ಕಾರಣ ಇದೇ.

ಲೆಕ್ಕ ನೋಡಿ. 1000 ಕಿಲೋ ಬ್ಯಾಚ್, 8 ಶೇಕಡಾ ಸೋಪು, ಅಂದರೆ 80 ಕಿಲೋ. ಅದಕ್ಕೆ 12-ಹೈಡ್ರಾಕ್ಸಿಸ್ಟಿಯರಿಕ್ ಆಸಿಡ್ ಸುಮಾರು 78.5 ಕಿಲೋ ಬೇಕು. ಆಸಿಡ್ ವ್ಯಾಲ್ಯೂ (ಒಂದು ಗ್ರಾಂ ಆಸಿಡನ್ನು ತಟಸ್ಥಗೊಳಿಸಲು ಬೇಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಮಿಲಿಗ್ರಾಂನಲ್ಲಿ) 180 ಇದ್ದರೆ ಪ್ರತಿ ಕಿಲೋ ಆಸಿಡ್‌ಗೆ ಲಿಥಿಯಂ ಹೈಡ್ರಾಕ್ಸೈಡ್ ಮೊನೊಹೈಡ್ರೇಟ್ 134.6 ಗ್ರಾಂ, ಒಟ್ಟು 10.6 ಕಿಲೋ. ಕೊನೆಗೆ ಫ್ರೀ ಆಲ್ಕಲಿ (ಪ್ರತಿಕ್ರಿಯಿಸದೆ ಉಳಿದ ಹೈಡ್ರಾಕ್ಸೈಡ್) 0.05 ಶೇಕಡಾ ಉಳಿಯಬೇಕೆಂದರೆ ಇನ್ನೊಂದು 0.88 ಕಿಲೋ. ಹತ್ತಿರ ಹತ್ತಿರ 11.4 ಕಿಲೋ. ಡ್ರಮ್ ಮೇಲಿನ ಆಸಿಡ್ ವ್ಯಾಲ್ಯೂ ನಂಬದೆ ಪ್ರತಿ ಲಾಟಿಗೂ ಟೈಟ್ರೇಶನ್ ಮಾಡಿ ಲೆಕ್ಕ ಹಾಕಬೇಕು. 180 ಎಂದುಕೊಂಡು ಹಾಕಿ ನಿಜಕ್ಕೂ 186 ಇದ್ದರೆ, ಆಲ್ಕಲಿ ಎಂದು ಇಟ್ಟ ಹೆಚ್ಚುವರಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಅಲ್ಲೇ ಮುಗಿದುಹೋಗುತ್ತದೆ. ಹೈಡ್ರಾಕ್ಸೈಡ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೋನೇಟಾಗಿದ್ದರೆ ಉಳಿದದ್ದೂ ಹೋಗುತ್ತದೆ. ಆಸಿಡ್ ಉಳಿದ ಗ್ರೀಸು ಮೆತ್ತಗೆ ಬರುತ್ತದೆ, ಡ್ರಾಪಿಂಗ್ ಪಾಯಿಂಟ್ ಇಳಿಯುತ್ತದೆ, ಅರೆದಾಗ ಬೇಗ ಕುಸಿಯುತ್ತದೆ.

ಕ್ರಮ ಹೀಗೆ. ಒಟ್ಟು ಎಣ್ಣೆಯ ಅರ್ಧದಷ್ಟನ್ನು ಕೆಟಲ್‌ಗೆ ಹಾಕಿ 85 ಡಿಗ್ರಿಗೆ ತಂದು ಆಸಿಡ್ ಕರಗಿಸಬೇಕು. ಹೈಡ್ರಾಕ್ಸೈಡನ್ನು ಅದರ ಐದು ಪಟ್ಟು ಬಿಸಿನೀರಲ್ಲಿ ಪೂರ್ತಿ ಕರಗಿಸಿ, 90–95 ಡಿಗ್ರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಹಿಡಿದು ನಿಧಾನವಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಕೆಟಲ್ ಬಾಯಿ ದಾಟುತ್ತದೆ. ನಂತರ 105ರಿಂದ 140ರವರೆಗೆ ನೀರು ಹೋಗಲು ಬಿಡಬೇಕು, ಅವಸರ ಸಲ್ಲದು. ನೀರು ಉಳಿದಿರುವಾಗಲೇ ಮೇಲೇರಿಸಿದರೆ ಮತ್ತೆ ನೊರೆ, ಜೊತೆಗೆ ಗಂಟು. ಆಮೇಲೆ 200–205 ಡಿಗ್ರಿ. ಇಲ್ಲಿ ಸೋಪು ಎಣ್ಣೆಯಲ್ಲಿ ಕರಗಿ ಕೆಟಲ್ ಒಳಗಿನದು ತೆಳ್ಳಗಾಗಿ, ಮಸುಕು ಹೋಗಿ ಪಾರದರ್ಶಕವಾಗುತ್ತದೆ. ಪ್ಯಾಡಲ್‌ಗೆ ಅಂಟಿದ್ದನ್ನು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆ ಕಾಣಬಾರದು. ಚುಕ್ಕೆ ಇದ್ದರೆ ಅವು ಕರಗದ ಸೋಪಿನ ಹರಳು. ತಣ್ಣಗಾದ ಮೇಲೆ ಎಷ್ಟು ಮಿಲ್ ಮಾಡಿದರೂ ಗುಂಡುಗುಂಡಾಗಿಯೇ ಉಳಿಯುತ್ತವೆ, ಬೇರಿಂಗ್‌ನಲ್ಲಿ ಸದ್ದು ಮಾಡುತ್ತವೆ. ಹಾಗೆಂದು 215–220ರಲ್ಲಿ ಸುಮ್ಮನೆ ನಿಲ್ಲಿಸಿದರೆ ಎಣ್ಣೆ ಕಂದಾಗುತ್ತದೆ, ಆಂಟಿಆಕ್ಸಿಡೆಂಟ್ ಇನ್ನೂ ಹಾಕಿರುವುದಿಲ್ಲವಲ್ಲ.

ನಾರು ಹುಟ್ಟುವುದು ತಣಿಸುವಾಗ. ಉಳಿದ ತಣ್ಣನೆ ಎಣ್ಣೆಯನ್ನು ಒಮ್ಮೆಗೇ ಬಿಟ್ಟು ಬೇಗ ಇಳಿಸಿದರೆ ಗಿಡ್ಡ, ಸಣ್ಣ ನಾರುಗಳು ಸಾಲುಸಾಲು ಹುಟ್ಟುತ್ತವೆ. ನಿಧಾನವಾಗಿ ಇಳಿಸಿದರೆ ಕಮ್ಮಿ ಸಂಖ್ಯೆಯ ಉದ್ದ, ದಪ್ಪ ನಾರುಗಳು ಬೆಳೆಯುತ್ತವೆ. ಉದ್ದ ನಾರು ಕೆಲಸದಲ್ಲಿ ತುಂಡಾಗುವುದು ಹೆಚ್ಚು, ಆಗ ಗ್ರೀಸು ಆರಂಭದ ಗಟ್ಟಿತನ ಕಳೆದುಕೊಳ್ಳುತ್ತದೆ. ಕೆಟಲ್ ಗೋಡೆಯಲ್ಲಿ ತಣ್ಣೀರು ಓಡಿಸಿ ನಡುವೆ ಬಿಸಿ ಉಳಿಸಿದರೆ ಒಂದೇ ಬ್ಯಾಚಿನಲ್ಲಿ ಎರಡೂ ಬಗೆ ಬರುತ್ತದೆ. ಸ್ಕ್ರೇಪರ್ ಸವೆದ ಕೆಟಲ್‌ನ ಗ್ರೀಸು ಗಂಟುಗಂಟಾಗಿರುವುದು ಇದಕ್ಕೇ. 90 ಡಿಗ್ರಿ ಕೆಳಗೆ ಬಂದ ಮೇಲೆ ಆಡಿಟಿವ್, ಅದಾದ ಮೇಲೆ ಹೋಮೊಜಿನೈಸರ್ ಅಥವಾ ಕೊಲಾಯ್ಡ್ ಮಿಲ್, ಕೊನೆಗೆ ಡೀಏರೇಶನ್. ಮಿಲ್ ಮಾಡಿದಾಗ ಗುಂಪುಗೂಡಿದ ನಾರು ಬಿಡಿಬಿಡಿಯಾಗಿ ಹರಡುತ್ತದೆ, ಅದೇ ಸೋಪಿನಲ್ಲಿ ಪೆನೆಟ್ರೇಶನ್ ಕಮ್ಮಿಯಾಗುತ್ತದೆ, ಅಂದರೆ ಗಟ್ಟಿ ಬರುತ್ತದೆ. ಮಿಲ್ ಒತ್ತಡ ಇಳಿದಿದ್ದರೆ ಗಟ್ಟಿತನ ತರಲು ಸೋಪು ಹೆಚ್ಚು ಸುರಿಯುವ ಅಡ್ಡದಾರಿ ಇದೆ. ಪೆನೆಟ್ರೇಶನ್ ಅಂಕೆ ಸರಿ ಬರುತ್ತದೆ, ಉಳಿದದ್ದು ಬರುವುದಿಲ್ಲ.

ಬೇಸ್ ಆಯಿಲೂ ಇದರಲ್ಲಿ ಪಾಲುದಾರ. ನ್ಯಾಫ್ಥೆನಿಕ್ ಎಣ್ಣೆ ಸೋಪನ್ನು ಚೆನ್ನಾಗಿ ಕರಗಿಸುವುದರಿಂದ ಕಮ್ಮಿ ಸೋಪಿನಲ್ಲಿ ಗ್ರೇಡ್ 2 ಸಿಗುತ್ತದೆ. ಹೆಚ್ಚು ಶುದ್ಧೀಕರಿಸಿದ ಪ್ಯಾರಾಫಿನಿಕ್‌ನಲ್ಲಿ ಸೋಪು ಹೆಚ್ಚು ಬೇಕು. ಆದ್ದರಿಂದ ಎರಡು ಡೇಟಾ ಶೀಟಿನಲ್ಲಿ ವಿಜಿ 220 ಎಂದಿದ್ದ ಮಾತ್ರಕ್ಕೆ ಆಯಿಲ್ ಒಂದೇ ಎಂದಾಗುವುದಿಲ್ಲ.

ಕಾಂಪ್ಲೆಕ್ಸ್ ಅಂದರೇನು ಎಂದೂ ಹೇಳಿಬಿಡುತ್ತೇನೆ. ಇದೇ ಸೋಪಿನ ಜೊತೆ ಅಜಲೈಕ್‌ನಂಥ ಗಿಡ್ಡ ಡೈಆಸಿಡ್‌ನ ಲಿಥಿಯಂ ಲವಣವೂ ಸೇರಿ ಹರಳುಗಟ್ಟುತ್ತದೆ. ಡ್ರಾಪಿಂಗ್ ಪಾಯಿಂಟ್ 195ರಿಂದ 260ರ ಮೇಲಕ್ಕೆ ಹೋಗುತ್ತದೆ. ಎರಡನೇ ಆಸಿಡ್ ಪೂರ್ತಿ ಪ್ರತಿಕ್ರಿಯಿಸದಿದ್ದರೆ ಹೆಸರು ಮಾತ್ರ ಕಾಂಪ್ಲೆಕ್ಸ್, ಡ್ರಾಪಿಂಗ್ ಪಾಯಿಂಟ್ 210–220ರಲ್ಲೇ ನಿಲ್ಲುತ್ತದೆ.

---

ಕಪ್ಪಾ_ಎರಡು

ಎರಡನೇ ಪ್ರಶ್ನೆಗೆ: ಇಲ್ಲ, ಮುಗಿಯಲ್ಲ.

ಡ್ರಾಪಿಂಗ್ ಪಾಯಿಂಟ್ ಅಂದ್ರೆ ಕಪ್ಪಿನ ತಳದ ತೂತಿಂದ ಮೊದಲ ಹನಿ ಬೀಳೋ ಉಷ್ಣತೆ. ಜಾಲ ಅಲ್ಲಿಗೆ ಕುಸಿಯಿತು ಅಂತ ಗೊತ್ತಾಗುತ್ತೆ, ಎಣ್ಣೆ ಅದಕ್ಕಿಂತ ಎಷ್ಟೋ ಮುಂಚೆ ಹಾಳಾಗಿರುತ್ತೆ. ಸಾದಾ ಲಿಥಿಯಂಗೆ ಡ್ರಾಪಿಂಗ್ ಪಾಯಿಂಟ್ 195, ಸತತ ಕೆಲಸಕ್ಕೆ ಮಿತಿ 120ರ ಆಸುಪಾಸು. ಬೆಂಟೊನೈಟಿಗೆ ಡ್ರಾಪಿಂಗ್ ಪಾಯಿಂಟೇ ಇಲ್ಲ, ಜೇಡಿ ಕರಗಲ್ಲ. ಆದ್ರೆ ಒಳಗಿನ ಮಿನರಲ್ ಆಯಿಲ್ ಮಾಮೂಲಿನಂತೆ ಸುಟ್ಟು ಆವಿಯಾಗುತ್ತೆ, ಉಳಿಯೋದು ಒಣ ಜೇಡಿ. 300 ಅನ್ನೋ ಅಂಕೆ ನೋಡಿ 90 ಡಿಗ್ರಿ ಮೋಟಾರ್‌ಗೆ ಗ್ರೀಸ್ ಆರಿಸೋದರಲ್ಲಿ ಅರ್ಥ ಇಲ್ಲ.

ನಿಮ್ಮ ಮೋಟಾರಲ್ಲಿ ಆಗಿರೋದು ಎಣ್ಣೆ ಬತ್ತಿರೋದು. 8 ಭಾಗ ಸೋಪು, 92 ಭಾಗ ಎಣ್ಣೆ ಇದ್ದದ್ದರಲ್ಲಿ ಅರ್ಧ ಎಣ್ಣೆ ಹೋಯ್ತು ಅಂದ್ಕೊಳ್ಳಿ. ಉಳಿದದ್ದು 8 ಮತ್ತು 46. ಸೋಪಿನ ಪಾಲು ಈಗ ಸುಮಾರು 15 ಶೇಕಡಾ. ಅಷ್ಟು ಸೋಪಿಗೆ ಗ್ರೀಸ್ ಗಟ್ಟಿ ಮುದ್ದೆ ಆಗಲೇಬೇಕು. ಅದರ ಜೊತೆ ಆಕ್ಸಿಡೇಶನ್ ಅಂಟು, ಕಂದು ಬಣ್ಣ ಅದರದ್ದು. ಲೋಹದ ಸೋಪು ಆಕ್ಸಿಡೇಶನ್‌ಗೆ ತುಸು ಕುಮ್ಮಕ್ಕು ಕೊಡುತ್ತೆ. ಪಾಲಿಯೂರಿಯಾದಲ್ಲಿ ಲೋಹವೇ ಇಲ್ಲ, ಹಾಗಾಗಿ ಬಿಸಿಯಲ್ಲಿ ಬಾಳಿಕೆ ಜಾಸ್ತಿ, ಎಣ್ಣೆ ಬಿಡೋದೂ ಹದವಾಗಿ. ಮೋಟಾರ್ ಬೇರಿಂಗ್‌ಗಳಿಗೆ ಅದು ಒಗ್ಗೋದು ಇದಕ್ಕೇ. 70 ಡಿಗ್ರಿ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸ್ ಹಾಕೋ ಅವಧಿ ಅರ್ಧ ಅನ್ನೋ ಲೆಕ್ಕ ಯಾವ ಥಿಕನರ್ ಇದ್ರೂ ಮರೀಬಾರದು. 90 ಡಿಗ್ರಿ ಅಂದ್ರೆ ಚಾರ್ಟಲ್ಲಿ ಬಂದ ಗಂಟೆಯ ಶೇಕಡಾ 40.

ಈಗ ಆಯಿಲ್. ಥಿಕನರ್ ಬಗ್ಗೆ ಇಷ್ಟು ಯೋಚನೆ ಮಾಡಿ ಎರಡೂ ಕಡೆ ವಿಜಿ 220 ಇಟ್ರೆ ಅರ್ಧ ಕೆಲಸ ಉಳೀತು. 6316ಕ್ಕೆ ಒಳವ್ಯಾಸ 80, ಹೊರವ್ಯಾಸ 170, ಸರಾಸರಿ 125 ಮಿ.ಮೀ. 1480 ಆರ್‌ಪಿಎಂಗೆ ಬೇಕಾದ ವಿಸ್ಕಾಸಿಟಿ 4500 ಭಾಗಿಸು (1480 × 125ರ ವರ್ಗಮೂಲ), ಅಂದ್ರೆ 10.5 ಸೆಂಟಿಸ್ಟೋಕ್. 90 ಡಿಗ್ರಿಯಲ್ಲಿ ವಿಜಿ 220 ಸುಮಾರು 26, ವಿಜಿ 100 ಸುಮಾರು 15 ಕೊಡುತ್ತೆ. ವಿಜಿ 100–150 ಸಾಕು, ಕಡೆಯುವ ಬಿಸಿಯೂ ಕಮ್ಮಿ.

ಪುಲ್ಲಿ ಬೇರಿಂಗ್ ಇದಕ್ಕೆ ಉಲ್ಟಾ. 22220ಗೆ ಸರಾಸರಿ ವ್ಯಾಸ 140, 60 ಆರ್‌ಪಿಎಂಗೆ ಬೇಕಾದದ್ದು ಸುಮಾರು 127 ಸೆಂಟಿಸ್ಟೋಕ್ (ಇಷ್ಟು ನಿಧಾನ ವೇಗಕ್ಕೆ ಸೂತ್ರ ಬೇರೆ). 45 ಡಿಗ್ರಿಯಲ್ಲಿ ವಿಜಿ 220 ಕೊಡೋದು 170ರ ಹತ್ತಿರ. ಕಪ್ಪಾ, ಅಂದ್ರೆ ಸಿಗೋ ವಿಸ್ಕಾಸಿಟಿ ಭಾಗಿಸು ಬೇಕಾದ ವಿಸ್ಕಾಸಿಟಿ, 1.3. ನೀರು ಬೀಳೋ, ಆಘಾತ ಬೀಳೋ ಜಾಗಕ್ಕೆ ಇದು ಬಿಗಿ. ವಿಜಿ 460 ಇರೋ ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸ್ ಹಾಕಿ, ಕಪ್ಪಾ 2.5 ದಾಟುತ್ತೆ. ಇಷ್ಟು ನಿಧಾನ ವೇಗದಲ್ಲಿ ಥಿಕನರ್ ಕಣಗಳೇ ಎಣ್ಣೆ ಜೊತೆ ರೋಲರ್ ಕೆಳಗೆ ನುಗ್ಗಿ ಪದರ ಕಟ್ಟುತ್ತವೆ, ಬರೀ ಎಣ್ಣೆಯ ಲೆಕ್ಕಕ್ಕಿಂತ ಫಿಲ್ಮ್ ದಪ್ಪ ಇರುತ್ತೆ. ವೇಗ ಏರಿದಂತೆ ಆ ಲಾಭ ಕರಗುತ್ತೆ. ಸಲ್ಫೋನೇಟಿನ ಕ್ಯಾಲ್ಸೈಟ್ ತಾನೇ ಇಪಿ (ಭಾರೀ ಒತ್ತಡದಲ್ಲಿ ಲೋಹ ಕಾಪಾಡೋ) ಕೆಲಸ ಮಾಡುತ್ತೆ. ಫೋರ್ ಬಾಲ್ ವೆಲ್ಡ್ (ಪರೀಕ್ಷೆಯ ಸ್ಟೀಲ್ ಗುಂಡುಗಳು ಬೆಸೆದುಕೊಳ್ಳೋ ಭಾರ) 400 ಕಿಲೋ ಮುಟ್ಟೋಕೆ ಅದಕ್ಕೆ ಹೆಚ್ಚಿನ ಆಡಿಟಿವ್ ಬೇಕಾಗಲ್ಲ. ತುಕ್ಕು ತಡೆಯೋ ಗುಣವೂ ಆ ಸಲ್ಫೋನೇಟಿಂದಲೇ.

ಅದನ್ನೇ ಮೋಟಾರ್‌ಗೂ ಹಾಕಬಾರದಾ ಅಂದ್ರೆ, ಕೆಟ್ಟು ಹೋಗಲ್ಲ, ಆದ್ರೆ ಥಿಕನರ್ ಪಾಲು ಜಾಸ್ತಿ, ಎಣ್ಣೆ ಪಾಲು ಕಮ್ಮಿ, ಅದೂ ವಿಜಿ 460. 1480 ಆರ್‌ಪಿಎಂನಲ್ಲಿ ಅಷ್ಟನ್ನ ಸುಮ್ಮನೆ ಕಡೆದು ಬಿಸಿ ಮಾಡಿದ ಹಾಗೆ. ಎರಡು ಜಾಗಕ್ಕೆ ಎರಡು ಗ್ರೀಸ್ ಇಡಿ. ಗನ್ ಎರಡು, ಬಣ್ಣದ ಪಟ್ಟಿ ಎರಡು, ನಿಪ್ಪಲ್ ಕ್ಯಾಪ್ ಮೇಲೂ ಅದೇ ಬಣ್ಣ.

---

ಕನ್ವೇಯರ್_ಕಾವಲು

ಎಲ್ಲರಿಗೂ ಧನ್ಯವಾದ. ಮೂರನೇ ಪ್ರಶ್ನೆ ಉಳೀತು. ಮೋಟಾರ್‌ಗೆ ಲಿಥಿಯಂ ಮೇಲೆ ಪಾಲಿಯೂರಿಯಾ ಹೋಗಬೇಕು, ಪುಲ್ಲಿಗೆ ಲಿಥಿಯಂ ಮೇಲೆ ಸಲ್ಫೋನೇಟ್. ಕಂಪ್ಯಾಟಿಬಿಲಿಟಿ ಚಾರ್ಟ್‌ಗಳು ಒಂದಕ್ಕೊಂದು ತಾಳೆ ಆಗ್ತಿಲ್ಲ. ಪುಲ್ಲಿಗೆ ಗ್ರೀಸ್ ಹೋಗೋದು 10 ಮೀಟರ್ ಉದ್ದದ ರಿಮೋಟ್ ಲೈನಲ್ಲಿ, ಒಳವ್ಯಾಸ 6 ಮಿ.ಮೀ.

---

ಪೆನೆಟ್ರೋಮೀಟರ್

ಚಾರ್ಟ್‌ಗಳು ತಾಳೆ ಆಗಲ್ಲ, ಯಾಕಂದರೆ ಅವು ಥಿಕನರ್ ಹೆಸರನ್ನ ಮಾತ್ರ ಹೋಲಿಸುತ್ತವೆ. ಬೆರಕೆಯಲ್ಲಿ ಕೆಡೋದು ಜಾಲ. ಒಂದರ ಆಡಿಟಿವ್ ಇನ್ನೊಂದರ ನಾರಿನ ಮೇಲ್ಮೈಗೆ ಹೋಗಿ ಕೂತು ಅಂಟು ಬಿಡಿಸಬಹುದು, ಒಂದರ ಆಸಿಡ್ ಇನ್ನೊಂದರ ಆಲ್ಕಲಿ ತಿನ್ನಬಹುದು. ಲಿಥಿಯಂ–ಪಾಲಿಯೂರಿಯಾ ಬೆರಕೆ ಹಲವು ಸಲ ಸಾರಿನ ಹಾಗೆ ತೆಳ್ಳಗಾಗುತ್ತೆ, ಕೆಲವು ಜೋಡಿ ಏನೂ ಆಗದೆ ನಿಲ್ಲುತ್ತವೆ. ಲಿಥಿಯಂ–ಸಲ್ಫೋನೇಟ್ ಹೆಚ್ಚಾಗಿ ಹೊಂದುತ್ತೆ. ಬೆಂಟೊನೈಟ್ ಯಾವ ಸೋಪಿನ ಜೊತೆಗೂ ಬೇಡ.

ಸರಿಯಾದ ದಾರಿ ಎಎಸ್‌ಟಿಎಂ ಡಿ6185. 50:50, 10:90, 90:10 ಬೆರಕೆ ಮಾಡಿ ಡ್ರಾಪಿಂಗ್ ಪಾಯಿಂಟ್, ಒಂದು ಲಕ್ಷ ಸ್ಟ್ರೋಕ್ ಪೆನೆಟ್ರೇಶನ್, ಬಿಸಿಯಲ್ಲಿ ಇಟ್ಟ ಮೇಲಿನ ಪೆನೆಟ್ರೇಶನ್ ನೋಡ್ತಾರೆ. ಬೆರಕೆಯ ಅಂಕೆ ಎರಡು ಮೂಲ ಗ್ರೀಸಿನಲ್ಲಿ ಕೆಟ್ಟದ್ದಕ್ಕಿಂತಲೂ ಕೆಟ್ಟದಾಗಿ ಬಂದರೆ ಹೊಂದಲ್ಲ ಅಂತ ಅರ್ಥ. 10:90 ಬಿಡಬೇಡಿ, ಲೈನಲ್ಲಿ ಕೊನೆಗೆ ಉಳಿಯೋ ಬೆರಕೆ ಅದೇ.

ಲ್ಯಾಬ್‌ಗೆ ಕಳಿಸೋ ಮುಂಚೆ ಒಂದು ಜರಡಿ ಪರೀಕ್ಷೆ ಮಾಡಬಹುದು. ಒಂದೊಂದು 50 ಗ್ರಾಂ ತಗೊಂಡು ಗಾಜಿನ ತಟ್ಟೆ ಮೇಲೆ ಸ್ಪಾಟುಲಾದಲ್ಲಿ ಹತ್ತು ನಿಮಿಷ ಚೆನ್ನಾಗಿ ಅರೆಯಿರಿ. ಶುದ್ಧ ಎರಡನ್ನೂ ಅಷ್ಟೇ ಹೊತ್ತು ಅರೆಯಬೇಕು, ಇಲ್ಲದಿದ್ರೆ ಹೋಲಿಕೆ ಸುಳ್ಳಾಗುತ್ತೆ. ಮೂರರಿಂದಲೂ ಒಂದೇ ಗಾತ್ರದ ಉಂಡೆ ಮಾಡಿ ಸ್ಟೀಲ್ ಪ್ಲೇಟ್ ಮೇಲೆ ಸಾಲಾಗಿಟ್ಟು, ಬೇರಿಂಗ್ ಉಷ್ಣತೆಗಿಂತ 20 ಡಿಗ್ರಿ ಮೇಲೆ ಓವನ್‌ನಲ್ಲಿ ಒಂದು ದಿನ ಇಡಿ. ಬೆರಕೆ ಉಂಡೆ ಎರಡಕ್ಕಿಂತ ಹೆಚ್ಚು ಚಪ್ಪಟೆಯಾದರೆ, ಸುತ್ತ ಎಣ್ಣೆ ಉಂಗುರ ಅಗಲವಾದರೆ, ಅಥವಾ ಹೊರಗೆ ಚಕ್ಕೆ ಕಟ್ಟಿದರೆ ಆ ಜೋಡಿ ಬೇಡ. ಉಂಡೆ ಚೆನ್ನಾಗಿ ನಿಂತಿತು ಅಂತ ಹೊಂದುತ್ತೆ ಅಂದುಕೊಳ್ಳಬಾರದು, ಲ್ಯಾಬ್‌ಗೆ ಕಳಿಸಬಹುದು ಅಂತ ಮಾತ್ರ.

---

ಕಪ್ಪಾ_ಎರಡು

ಮೋಟಾರ್‌ಗೆ ಪರೀಕ್ಷೆಯ ತಾಪತ್ರಯವೇ ಬೇಡ. ಹೇಗೂ ಗಟ್ಟಿ ಮುದ್ದೆ ಕೂತಿದೆ, ಹೊಸ ಗ್ರೀಸ್ ಒತ್ತಿದ್ರೆ ಅದು ಅಲ್ಲಾಡಲ್ಲ, ಸುತ್ತು ಬಳಸಿ ಹೊರಗೆ ಹೋಗುತ್ತೆ. ಎಂಡ್ ಕವರ್ ಬಿಚ್ಚಿ, ಒರೆಸಿ, ತೆಳು ಮಿನರಲ್ ಆಯಿಲ್‌ನಲ್ಲಿ ತೊಳೆದು, ಪೂರ್ತಿ ಬಸಿದ ಮೇಲೆ ಹೊಸದು. ಕಂಪ್ರೆಸ್ಡ್ ಗಾಳಿಯಲ್ಲಿ ಬೇರಿಂಗ್ ತಿರುಗಿಸಬೇಡಿ. ಬೇರಿಂಗ್ ಒಳಗೆ ಬಾಲ್‌ಗಳ ನಡುವೆ ತುಂಬಿ, ಹೌಸಿಂಗ್ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದವರೆಗೆ ಮಾತ್ರ. ಮುಂದೆ ಹಾಕೋ ಪ್ರಮಾಣ 0.005 × ಹೊರವ್ಯಾಸ 170 × ಅಗಲ 39, ಅಂದ್ರೆ 33 ಗ್ರಾಂ. ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತೆ ಅಂತ ಹತ್ತು ಒತ್ತು ಕಾಗದದ ಮೇಲೆ ಹಾಕಿ ತೂಕ ಮಾಡ್ಕೊಳ್ಳಿ, ಗನ್‌ನಿಂದ ಗನ್‌ಗೆ ಬೇರೆ.

ಪುಲ್ಲಿ ಲೈನ್‌ನ ಲೆಕ್ಕ ಎಲ್ಲರೂ ಬಿಡ್ತಾರೆ. 6 ಮಿ.ಮೀ. ಒಳವ್ಯಾಸ, 10 ಮೀಟರ್: 283 ಸಿಸಿ, ತೂಕದಲ್ಲಿ ಸುಮಾರು 255 ಗ್ರಾಂ. ಬೇರಿಂಗ್‌ಗೆ ಒಂದು ಸಲಕ್ಕೆ ಹೋಗೋದು 0.005 × 180 × 46, ಅಂದ್ರೆ 41 ಗ್ರಾಂ. ಅಂದ್ರೆ ಪಂಪ್‌ನಲ್ಲಿ ಸಲ್ಫೋನೇಟ್ ತುಂಬಿದ ಮೇಲೂ ಮುಂದಿನ ಆರು ಸಲ ಬೇರಿಂಗ್‌ಗೆ ಬರೋದು ಹಳೇ ಲಿಥಿಯಮ್ಮೇ. ಆರನೇ ಸಲ ಆದ ಮೇಲೂ ಅದು ಇಳಿದು ಹೋಗ್ತಿದ್ರೆ ಹೊಸ ಗ್ರೀಸನ್ನ ಬೈದು ಪ್ರಯೋಜನ ಇಲ್ಲ. ಬೇರಿಂಗ್ ಕಡೆಯ ಕನೆಕ್ಟರ್ ಬಿಚ್ಚಿ, ಬಕೆಟ್‌ಗೆ ಬಿಟ್ಟು, ಹೊಸ ಬಣ್ಣ ಬರೋವರೆಗೂ ಪಂಪ್ ಮಾಡಿ. ಗೋಡೆಗೆ ಅಂಟಿದ್ದು ನಿಧಾನಕ್ಕೆ ಬರುತ್ತೆ, ಹಾಗಾಗಿ ಬಣ್ಣ ಬಂದ ಮೇಲೂ ಇನ್ನೊಂದು 100 ಗ್ರಾಂ ಹೋಗಲಿ.

---

ಕೆಟಲ್‌ಮನೆ

ಒಂದು ಚಿಕ್ಕ ಎಚ್ಚರಿಕೆ. ಪಂಪ್ ಮಾಡುವಾಗ ಬಣ್ಣ ನಂಬುವ ಮುನ್ನ ಹೊಸ ಡಬ್ಬಿಯ ಬಣ್ಣ ನೋಡಿಕೊಳ್ಳಿ. ಗ್ರೀಸಿನ ಬಣ್ಣ ನೋಡಿ ಥಿಕನರ್ ಯಾವುದೆಂದು ಹೇಳಲಾಗದು. ಎರಡೂ ಕಂದು ಬಣ್ಣದ್ದೇ ಆಗಿದ್ದರೆ ಬಕೆಟ್‌ಗೆ ಬಿದ್ದದ್ದನ್ನು ತೂಕ ಮಾಡಿ. 400 ಗ್ರಾಂ ಆಗುವವರೆಗೆ ನಿಲ್ಲಿಸಬೇಡಿ.

---

ಕನ್ವೇಯರ್_ಕಾವಲು

ಎರಡೂ ಕಂದೇ. ತಕ್ಕಡಿ ಇಟ್ಟುಕೊಂಡೇ ಮಾಡ್ತೀವಿ. ಪಾಲಿಯೂರಿಯಾ ಡಬ್ಬಿಗೆ ಒಂದು ಲಕ್ಷ ಸ್ಟ್ರೋಕ್ ಅಂಕೆ ಸಪ್ಲೈಯರ್‌ಗೆ ಬರೆದು ಕೇಳಿದ್ದೀನಿ, ಜೊತೆಗೆ ಡಿ6184 ಮೌಲ್ಯ ಕೂಡ. ಬಂದ ಮೇಲೆ ಇಲ್ಲೇ ಹಾಕ್ತೀನಿ.